3,000 ಆಂಪಿಯರ್‌ನಿಂದ 30 ಮಿಲಿಆಂಪಿಯರ್‌ವರೆಗೆ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಯಾವ ರಸ್ತೆ ಹಿಡಿದರೂ ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಜೋಡಿ ಕಂಬಗಳ ನಡುವೆ ಕೂರಿಸಿದ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಕಣ್ಣಿಗೆ ಬೀಳುತ್ತದೆ. ಅದರ ನೆತ್ತಿಯ ಮೇಲೆ, 11 ಕೆವಿ ಲೈನಿನಿಂದ ತಂತಿ ಇಳಿಯುವಲ್ಲಿ, ಪಿಂಗಾಣಿ ಇನ್ಸುಲೇಟರುಗಳಿಗೆ ಬಿಗಿದ ಕೊಂಬಿನಾಕಾರದ ಕಂಬಿಗಳಿರುತ್ತವೆ. ಲೈನ್‌ಮ್ಯಾನ್‌ಗಳು ಅದನ್ನು ಎಚ್‌ಜಿ ಫ್ಯೂಸ್, ಅಂದರೆ ಹಾರ್ನ್ ಗ್ಯಾಪ್ ಫ್ಯೂಸ್, ಎನ್ನುತ್ತಾರೆ. ಎರಡು ಕೊಂಬುಗಳ ನಡುವೆ ತವರ ಲೇಪಿಸಿದ ತಾಮ್ರದ ಒಂದು ಎಳೆ ಕಟ್ಟಿರುತ್ತದೆ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಆ ಎಳೆ ಕಾಣುವುದೇ ಇಲ್ಲ. ಕಾಣದಿರುವುದು ಸಹಜ. 100 ಕೆವಿಎ ಟಿಸಿಗೆ ಅದು 0.2 ಮಿಲಿಮೀಟರ್ ಆಸುಪಾಸಿನ ದಪ್ಪವಿದ್ದರೆ ಸಾಕು. ಮನುಷ್ಯನ ತಲೆಗೂದಲು ಮೂರನ್ನು ಒಟ್ಟಿಗೆ ಹಿಡಿದಷ್ಟು.

ಫೇಸಿಗೊಂದರಂತೆ ಇಂಥ ಮೂರು ಎಳೆಗಳ ಮೂಲಕವೇ ಹತ್ತಾರು ಮನೆಗಳ ದೀಪ, ಮಿಕ್ಸಿ, ಫ್ರಿಜ್ಜು, ಹದಿನೈದು ತೋಟಗಳ ಪಂಪು ಎಲ್ಲದರ ವಿದ್ಯುತ್ತೂ ಹಾದು ಬರಬೇಕು. ಬರುತ್ತದೆ ಕೂಡ. 100 ಕೆವಿಎ ಟಿಸಿ ಪೂರ್ತಿ ಲೋಡಿನಲ್ಲಿದ್ದಾಗ ಮೇಲ್ಗಡೆಯ ಒಂದೊಂದು ತಂತಿಯಲ್ಲಿ ಹರಿಯುವುದು 5.25 ಆಂಪಿಯರ್. ಅದೇ ಟಿಸಿಯ ಕೆಳಗಡೆ, 433 ವೋಲ್ಟಿನ ಬದಿಯಲ್ಲಿ, ಒಂದೊಂದು ಫೇಸಿನಲ್ಲಿ 133 ಆಂಪಿಯರ್ ಹರಿಯುತ್ತದೆ. ವೋಲ್ಟೇಜು 25 ಪಟ್ಟು ತಗ್ಗಿದ್ದಕ್ಕೆ ಕರೆಂಟು 25 ಪಟ್ಟು ಹೆಚ್ಚಿತು, ಅಷ್ಟೆ. ಈ ಸರಳ ಗುಣಾಕಾರವೇ ಮುಂದಿನ ಎಲ್ಲ ಅಚ್ಚರಿಗಳಿಗೂ ಮೂಲ, ಎಲ್ಲ ಅಪಾಯಗಳಿಗೂ ಮೂಲ.

ಎಷ್ಟು ದಪ್ಪದ ತಂತಿ ಎಷ್ಟು ಕರೆಂಟಿಗೆ ಕರಗುತ್ತದೆ ಎಂದು ಕೂತು ಅಳೆದವನು ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಹೆನ್ರಿ ಪ್ರೀಸ್. ಅದು 1880ರ ದಶಕ. ಆಧುನಿಕ ಟ್ರಾನ್ಸ್‌ಫಾರ್ಮರ್ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯಲ್ಲಿ ರೂಪುಗೊಂಡದ್ದು 1885ರಲ್ಲಿ, ಅಂದರೆ ಅದೇ ಹೊತ್ತಿಗೆ. ಪ್ರೀಸ್ ಕಂಡುಕೊಂಡ ಸೂತ್ರ ಒಂದೇ ಸಾಲಿನದು: ತಂತಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರದೇ ವರ್ಗಮೂಲದಿಂದ ಗುಣಿಸಿ, ತಾಮ್ರವಾದರೆ 80ರಿಂದ, ಅಲ್ಯೂಮಿನಿಯಂ ಆದರೆ 59ರಿಂದ ಮತ್ತೆ ಗುಣಿಸಬೇಕು. 0.2 ಮಿ.ಮೀ. ತಾಮ್ರಕ್ಕೆ ಉತ್ತರ 7 ಆಂಪಿಯರ್ ಚಿಲ್ಲರೆ. 5.25ನ್ನು ಸಲೀಸಾಗಿ ಬಿಡುತ್ತದೆ, 7 ದಾಟಿದರೆ ಬಿಸಿಯೇರುತ್ತ 1,085 ಡಿಗ್ರಿಗೆ ಕರಗಿ ತುಂಡಾಗುತ್ತದೆ. ತುಂಡಾದ ಕ್ಷಣ ಹುಟ್ಟುವ ಕಿಡಿಯ ಸೇತುವೆ ಕೊಂಬುಗಳ ಗುಂಟ ಮೇಲೇರಿ, ಏರಿದಷ್ಟೂ ಉದ್ದವಾಗಿ, ಕೊನೆಗೆ ತನ್ನಷ್ಟಕ್ಕೆ ಆರುತ್ತದೆ. ಕಂಬಿಗಳಿಗೆ ಆ ಬಾಗು ಇರುವುದೇ ಇದಕ್ಕಾಗಿ.

ಕೆಳಬದಿಯ ಫ್ಯೂಸಿಗೂ ಇದೇ ಲೆಕ್ಕ. 133 ಆಂಪಿಯರಿಗೆ ಕರಗುವ ತಾಮ್ರದ ತಂತಿ 1.4 ಮಿ.ಮೀ. ದಪ್ಪದ್ದು. ಮೇಲಿನ ಎಳೆಗಿಂತ ಏಳು ಪಟ್ಟು ದಪ್ಪ.

ಇಷ್ಟೊಂದು ವಿದ್ಯುತ್ತು ತೋಟಗಳಿಗೆ ಯಾಕೆ ಬೇಕು ಎಂಬುದನ್ನು ಮೊದಲು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಒಂದು ಎಕರೆ ತೋಟದ ಮೇಲೆ ಬೀಳುವ ನೀರು 1 ಕೋಟಿ 60 ಲಕ್ಷ ಲೀಟರ್. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು, ತೋಡು ಸೇರಿ, ಕುಮಾರಧಾರೆಯನ್ನೋ ಪಯಸ್ವಿನಿಯನ್ನೋ ಕೂಡಿಕೊಂಡು ಸಮುದ್ರ ಮುಟ್ಟುತ್ತದೆ. ಮಾರ್ಚ್ ಬರುವಾಗ ಅಡಿಕೆ ಮರಕ್ಕೆ ಮೂರರಿಂದ ಐದು ದಿನಕ್ಕೊಮ್ಮೆ 175 ಲೀಟರಿನಷ್ಟು ನೀರು ಬೇಕೆಂಬುದು ಕೃಷಿ ಸಂಶೋಧಕರ ಶಿಫಾರಸು. ಒಂಬತ್ತಡಿಗೊಂದರಂತೆ ನೆಟ್ಟ ಎಕರೆ ತೋಟದಲ್ಲಿ ಸುಮಾರು 550 ಮರ. ಒಂದು ಸಲ ನೀರು ಬಿಡಲು ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್. ಅಷ್ಟನ್ನು ಬೈಲಿನ ಕೆರೆಯಿಂದಲೋ ಬಾವಿಯಿಂದಲೋ ಗುಡ್ಡದ ತೋಟಕ್ಕೆ 30 ಮೀಟರ್ ಎತ್ತಬೇಕೆಂದರೆ 5 ಎಚ್‌ಪಿ ಪಂಪು ನಾಲ್ಕೈದು ಗಂಟೆ ಓಡಬೇಕು. ಎಲ್ಲರ ತೋಟಕ್ಕೂ ಬೇಸಗೆ ಒಟ್ಟಿಗೇ ಬರುವುದರಿಂದ ಎಲ್ಲರ ಪಂಪೂ ಒಟ್ಟಿಗೇ ಓಡುತ್ತದೆ. 5 ಎಚ್‌ಪಿ ಪಂಪು ಓಡುವಾಗ ಎಳೆಯುವುದು ಏಳೂವರೆ ಆಂಪಿಯರ್. ಹದಿನೈದು ಪಂಪು ಸೇರಿದರೆ 112. ಟಿಸಿಯ 133ರಲ್ಲಿ ಮನೆಗಳಿಗೆ ಉಳಿಯುವುದು 21.

ಈಗ ಟಿಸಿಯ ಬುಡದಲ್ಲೇ, ಮೊದಲ ಕಂಬದ ಹತ್ತಿರ, ಗಾಳಿಗೆ ಮೂರು ತಂತಿಗಳೂ ಒಂದಕ್ಕೊಂದು ಹೊಡೆದುಕೊಂಡವು ಎನ್ನಿ. ಕರೆಂಟನ್ನು ತಡೆಯುವುದಕ್ಕೆ ಟಿಸಿಯೊಳಗಿನ ಸುರುಳಿಗಳ ಸ್ವಂತ ಪ್ರತಿರೋಧ ಬಿಟ್ಟರೆ ಬೇರೇನೂ ಇಲ್ಲ. ಅದು ಸಾಮಾನ್ಯವಾಗಿ ಶೇ. 4.5. ನೂರನ್ನು ನಾಲ್ಕೂವರೆಯಿಂದ ಭಾಗಿಸಿದರೆ 22. ಅಂದರೆ 133 ಆಂಪಿಯರಿಗೆಂದು ಕಟ್ಟಿದ ಯಂತ್ರದಿಂದ 3,000 ಆಂಪಿಯರ್ ನುಗ್ಗುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ, ಇದು 1840ರ ದಶಕದಿಂದ ಗೊತ್ತಿರುವ ಜೌಲ್ ನಿಯಮ. 22ರ ವರ್ಗ 484. ಸುರುಳಿಯ ಒಂದೊಂದು ಸುತ್ತಿನಲ್ಲೂ ಮಾಮೂಲಿಗಿಂತ ಐನೂರು ಪಟ್ಟಿನ ಹತ್ತಿರದ ಬಿಸಿ ಹುಟ್ಟುತ್ತದೆ. ಒಳಗಿನ ಹೊರಗಿನ ಸುರುಳಿಗಳು ಒಂದನ್ನೊಂದು ತಳ್ಳುವ ಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ನಡುವಿನ ಕಾಗದದ ಹೊದಿಕೆ ಇದನ್ನು ಕೆಲವು ಕ್ಷಣ ತಾಳಬಲ್ಲದು, ಅದಕ್ಕಿಂತ ಹೆಚ್ಚಲ್ಲ.

ಆದರೆ ಅಷ್ಟು ಹೊತ್ತು ಬೇಕಾಗುವುದಿಲ್ಲ. 1.4 ಮಿ.ಮೀ. ತಾಮ್ರದ ಫ್ಯೂಸ್ ತಂತಿ 3,000 ಆಂಪಿಯರಿಗೆ ಸಿಕ್ಕರೆ ಕರಗಲು ತೆಗೆದುಕೊಳ್ಳುವುದು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ. ನಮ್ಮ ವಿದ್ಯುತ್ತು ಒಂದು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತೂಗುತ್ತದೆ, ವರ್ಷಕ್ಕೆ 157 ಕೋಟಿ 68 ಲಕ್ಷ ಸಲ. ಅದರಲ್ಲಿ ಒಂದೇ ಒಂದು ತೂಗು ಮುಗಿಯುವಷ್ಟರಲ್ಲಿ ಫ್ಯೂಸ್ ಕರಗಿರುತ್ತದೆ. ಒಂದು ತುಂಡು ತಂತಿ ಇಷ್ಟು ಚುರುಕಾಗಿ, ಯಾರೂ ಹೇಳದೆ, ಯಾರೂ ಸ್ವಿಚ್ಚು ಒತ್ತದೆ ಕೆಲಸ ಮುಗಿಸುವುದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿ ನೋಡಿದರೂ ಬೆರಗು ಕಡಿಮೆಯಾಗುವುದಿಲ್ಲ.

ಬೆರಗು ಇಲ್ಲಿಗೇ ನಿಂತಿದ್ದರೆ ಒಳ್ಳೆಯದಿತ್ತು. ಟಿಸಿಯಿಂದ ಲೈನಿನ ಗುಂಟ ನಡೆಯುತ್ತ ಹೋದರೆ ಸಂಖ್ಯೆಗಳು ಬೇರೆ ಕತೆ ಹೇಳತೊಡಗುತ್ತವೆ.

ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಊರೆಂದರೆ ಮನೆಗೆ ಮನೆ ತಾಗಿದ ಕೇರಿ. ನಡುವೆ ಒಂದು ಟಿಸಿ ನಿಲ್ಲಿಸಿದರೆ ಅರ್ಧ ಊರಿಗೆ ಸಾಕು. ಇಲ್ಲಿ ಹಾಗಲ್ಲ. ಒಂದು ಬೈಲಿಗೆ ಎರಡು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು ಮನೆ, ತೋಡಿನಾಚೆ ಮತ್ತೊಂದು. ಅವರವರ ಮನೆ ಅವರವರ ತೋಟದಲ್ಲಿ. ಆದ್ದರಿಂದ ಟಿಸಿಯ ಕೆಳಬದಿಯಿಂದ ಹೊರಡುವ ಎಲ್‌ಟಿ ಲೈನು ಅಡಿಕೆ ತೋಟ ನುಗ್ಗಿ, ರಬ್ಬರ್ ಪ್ಲಾಂಟೇಶನ್ನಿನ ಅಂಚು ಹಿಡಿದು, ಗೇರುಗುಡ್ಡೆ ದಾಟಿ, ಕಿಲೋಮೀಟರ್ ಗಟ್ಟಲೆ ಹೋಗಬೇಕಾಗುತ್ತದೆ. ಆ ತಂತಿಗಳಿಗೆ ಬ್ರಿಟಿಷರ ಕಾಲದ ಪ್ರಾಣಿಗಳ ಹೆಸರು: ಸ್ಕ್ವಿರಲ್, ವೀಸೆಲ್, ರ‍್ಯಾಬಿಟ್. ಉಕ್ಕಿನ ಒಂದು ಎಳೆಯ ಸುತ್ತ ಅಲ್ಯೂಮಿನಿಯಮ್ಮಿನ ಆರು ಎಳೆ. ವೀಸೆಲ್ ತಂತಿಯ ಪ್ರತಿರೋಧ ಕಿಲೋಮೀಟರಿಗೆ 0.93 ಓಮ್. ಕೇಳಲು ಏನೂ ಅಲ್ಲ ಎನಿಸುತ್ತದೆ.

ಒಂದು ಕಿಲೋಮೀಟರ್ ದೂರದ ಕೊನೆಯ ಕಂಬದಲ್ಲಿ ಒಂದು ಫೇಸ್ ತಂತಿ ನ್ಯೂಟ್ರಲ್‌ಗೆ ಹೊಡೆದುಕೊಂಡಿತು ಎನ್ನೋಣ. ಪಕ್ಕಾ ಶಾರ್ಟ್ ಸರ್ಕ್ಯೂಟ್, ಲೋಹಕ್ಕೆ ಲೋಹ. ಕರೆಂಟು ಒಂದು ಕಿಲೋಮೀಟರ್ ಹೋಗಿ ಒಂದು ಕಿಲೋಮೀಟರ್ ಮರಳಬೇಕು. ತಂತಿಯ ಪ್ರತಿರೋಧ, ಅದರ ಇಂಡಕ್ಟನ್ಸ್, ಟಿಸಿಯದ್ದು ಎಲ್ಲ ಸೇರಿ ದಾರಿಯ ಒಟ್ಟು ತಡೆ 2 ಓಮ್ ಚಿಲ್ಲರೆ. 433 ವೋಲ್ಟಿನ ಬದಿಯಲ್ಲಿ ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಇರುವ 250 ವೋಲ್ಟನ್ನು ಅದರಿಂದ ಭಾಗಿಸಿದರೆ 122 ಆಂಪಿಯರ್.

ಈ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಟಿಸಿಯ ಪೂರ್ಣ ಲೋಡ್ 133. ಶಾರ್ಟ್ ಸರ್ಕ್ಯೂಟ್ 122. ಬುಡದಲ್ಲಿ 3,000 ಇದ್ದದ್ದು ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ದಿನನಿತ್ಯದ ಲೋಡಿಗಿಂತಲೂ ಕೆಳಗಿಳಿಯಿತು. ರಾತ್ರಿ ಪಂಪುಗಳೆಲ್ಲ ನಿಂತು ಮನೆಗಳ ದೀಪವಷ್ಟೇ ಉರಿಯುತ್ತಿರುವಾಗ ಅಲ್ಲಿ ಇದು ಘಟಿಸಿದರೆ, ಕೆಳಬದಿಯ ಫ್ಯೂಸಿಗೆ ಕಾಣುವುದು ಮಾರ್ಚ್ ತಿಂಗಳ ಮಧ್ಯಾಹ್ನದಂಥ ಒಂದು ಮಾಮೂಲಿ ಲೋಡ್. ಅದು ಕರಗುವುದಿಲ್ಲ. ದೂರದ ಕಂಬದಲ್ಲಿ ತಂತಿ ಕಿಡಿ ಉಗುಳುತ್ತ, ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿ ಹನಿಯುತ್ತ ಇರಬಹುದು, ಟಿಸಿಯ ಫ್ಯೂಸು ಗಟ್ಟಿಯಾಗಿ ಕೂತಿರುತ್ತದೆ. ಇನ್ನಷ್ಟು ದಪ್ಪದ ರ‍್ಯಾಬಿಟ್ ತಂತಿ ಎಳೆದಿದ್ದರೆ ಇದೇ ಕರೆಂಟು 180ರ ಹತ್ತಿರ ಇರುತ್ತಿತ್ತು. ಅದಕ್ಕೂ ಫ್ಯೂಸ್ ಕರಗಲು ಬಹಳ ಹೊತ್ತು ಬೇಕು.

ಹಾಗಾದರೆ ಮೇಲಿನ ಎಚ್‌ಜಿ ಫ್ಯೂಸು? ಅದು ಏಳು ಆಂಪಿಯರಿಗೇ ಕರಗುವಷ್ಟು ನಾಜೂಕಲ್ಲವೇ? ಕೆಳಗಿನ 122 ಆಂಪಿಯರ್ ಸುರುಳಿಗಳನ್ನು ದಾಟಿ ಮೇಲಿನ ಬದಿಗೆ ಹೋಗುವಾಗ, 250 ವೋಲ್ಟಿನಿಂದ 11 ಕೆವಿಗೆ ಏರುವ ಲೆಕ್ಕದಲ್ಲಿ, 44ರಿಂದ ಭಾಗವಾಗುತ್ತದೆ. ಮೂರು ಎಳೆಗಳಲ್ಲಿ ಎರಡರಲ್ಲಿ 2.8 ಆಂಪಿಯರ್ ಹರಿಯುತ್ತದೆ, ಮೂರನೆಯದಕ್ಕೆ ಸುದ್ದಿಯೇ ಇಲ್ಲ. ಪೂರ್ಣ ಲೋಡಿನ 5.25ರ ಅರ್ಧಕ್ಕಿಂತ ಚೂರು ಹೆಚ್ಚು. ಟಿಸಿಯ ಮೇಲಿನ ಕಾವಲು ಟಿಸಿಯನ್ನು ಕಾಯುತ್ತದೆ, ಅದರ ಕೆಳಗಿನ ತಂತಿಗಳನ್ನು ಕಾಯಲಾರದು. ವಿದ್ಯುತ್ ಎಂಜಿನಿಯರಿಂಗ್ ಕಲಿತವರೂ ಎಷ್ಟೋ ಸಲ ಮರೆಯುವ ಸಂಗತಿ ಇದು. 1897ರಲ್ಲಿ ಮೊದಲು ಪ್ರಕಟವಾದ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಇದನ್ನು ಕಡ್ಡಾಯ ನಿಯಮವಾಗಿಯೇ ಬರೆದಿಟ್ಟಿದೆ: ಕೆಲವೇ ಬಗೆಯ ಜೋಡಣೆಗಳನ್ನು ಬಿಟ್ಟರೆ, ಮೇಲ್ಬದಿಯ ಫ್ಯೂಸಿನಿಂದ ಕೆಳಬದಿಯ ತಂತಿಗೆ ರಕ್ಷಣೆ ಸಿಕ್ಕಿತೆಂದು ಲೆಕ್ಕ ಹಿಡಿಯುವಂತಿಲ್ಲ. ಕಟ್ಟಡ, ಕಾರ್ಖಾನೆಗಳ ಒಳಗೆ ಟ್ರಾನ್ಸ್‌ಫಾರ್ಮರಿನಿಂದ ಹೊರಟ ತಂತಿ ಸಾಮಾನ್ಯವಾಗಿ 10 ಅಡಿಯೊಳಗೆ, ಇನ್ನಷ್ಟು ಷರತ್ತಿಗೆ ಒಳಪಟ್ಟರೆ 25 ಅಡಿಯೊಳಗೆ, ತನ್ನದೇ ಫ್ಯೂಸನ್ನೋ ಬ್ರೇಕರನ್ನೋ ಮುಟ್ಟಬೇಕು. ಕಂಬದ ಮೇಲಿನ ಸಾರ್ವಜನಿಕ ಲೈನುಗಳಿಗೆ ಆ ಅಡಿ ಲೆಕ್ಕ ಅನ್ವಯಿಸುವುದಿಲ್ಲ ನಿಜ. ಆದರೂ ಭೌತಶಾಸ್ತ್ರ ಗೋಡೆಯೊಳಗೂ ತೋಟದೊಳಗೂ ಒಂದೇ. ಅಲ್ಲಿ ಅಡಿಗಳಲ್ಲಿ ಅಳೆದು ಹೆದರುವುದನ್ನು ಇಲ್ಲಿ ನಾವು ಕಿಲೋಮೀಟರುಗಳಲ್ಲಿ ಎಳೆದಿದ್ದೇವೆ.

ಫ್ಯೂಸ್ ತಂತಿಯನ್ನೇ ಇನ್ನಷ್ಟು ತೆಳ್ಳಗೆ ಹಾಕಿದರಾಯಿತಲ್ಲ ಎಂದು ಕೇಳಬಹುದು. ಟಿಸಿಯಿಂದ ಹೊರಡುವ ಎರಡು ಮೂರು ಲೈನಿಗೆ ಬೇರೆ ಬೇರೆ ಫ್ಯೂಸ್ ಹಾಕಿ ಒಂದೊಂದನ್ನೂ ತೆಳ್ಳಗೆ ಮಾಡುವ ಕ್ರಮ ಇದೆ, ಒಳ್ಳೆಯದೇ. ಆದರೆ ಅದಕ್ಕೂ ಒಂದು ಮಿತಿ ಇದೆ, ಆ ಮಿತಿ ಪಂಪಿನ ಮೋಟಾರಿನಲ್ಲಿದೆ. ನಿಂತ ಮೋಟಾರು ಹೊರಡುವಾಗ ಓಡುವ ಕರೆಂಟಿನ ಆರು ಪಟ್ಟು ಎಳೆಯುತ್ತದೆ. ಏಳೂವರೆ ಆಂಪಿಯರಿನ ಪಂಪು ಹೊರಡುವ ಗಳಿಗೆಯಲ್ಲಿ 45. ಒಂದೇ ಪಂಪಾದರೆ ಚಿಂತೆಯಿಲ್ಲ. ಬೇಸಗೆಯಲ್ಲಿ ಸರದಿಯ ತ್ರೀ ಫೇಸ್ ಬರುವುದನ್ನು ಕಾದು ಕೂರಲಾಗದೆ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಕರೆಂಟು ಬಂದದ್ದೇ ತಡ, ಹದಿನೈದು ಪಂಪುಗಳು ಒಟ್ಟಿಗೇ ಏಳುತ್ತವೆ. 45ನ್ನು ಹದಿನೈದರಿಂದ ಗುಣಿಸಿದರೆ 675 ಆಂಪಿಯರ್. ಅಷ್ಟೂ ಬರುವ ಮೊದಲೇ ವೋಲ್ಟೇಜು ಕುಸಿದು ಕರೆಂಟನ್ನು ಸ್ವಲ್ಪ ಇಳಿಸುತ್ತದೆ, ಆದರೂ ನಾಲ್ಕೈದು ನೂರು ಆಂಪಿಯರ್ ಹಲವು ಸೆಕೆಂಡುಗಳ ಕಾಲ ಹರಿಯುತ್ತದೆ. ಇದು ತಪ್ಪಲ್ಲ, ಬೇಸಾಯ. ಇದಕ್ಕೆ ಫ್ಯೂಸು ಕರಗಕೂಡದು. ಅದೇ ಹೊತ್ತಿಗೆ ದೂರದ ಕಂಬದ 122 ಆಂಪಿಯರಿಗೆ ಕರಗಬೇಕು. ನೀರು ಎತ್ತುವ 500ನ್ನು ಬಿಟ್ಟು ಬೆಂಕಿ ಹಚ್ಚುವ 122ನ್ನು ಹಿಡಿ ಎಂದು ಒಂದು ತಂತಿಗೆ ಹೇಳುವುದು ಹೇಗೆ? ತಂತಿಗೆ ಗೊತ್ತಾಗುವುದು ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದಷ್ಟೆ. ಎರಡು ಆಟೋ ಸ್ಟಾರ್ಟರುಗಳ ನಡುವೆ ಒಂದೆರಡು ನಿಮಿಷದ ಅಂತರ ಇರಿಸಿಕೊಳ್ಳಲು ತೋಟದವರು ತಮ್ಮೊಳಗೇ ಮಾತಾಡಿಕೊಂಡರೆ ಈ 500 ಬಹಳ ಇಳಿಯುತ್ತದೆ, ಟಿಸಿಯ ಆಯುಷ್ಯವೂ ಹೆಚ್ಚುತ್ತದೆ. ಖರ್ಚಿಲ್ಲದ ಇಂಥ ಉಪಾಯ ನನಗೆ ಇನ್ನೊಂದು ಕಂಡಿಲ್ಲ.

ಇನ್ನೂ ಕೆಳಗಿಳಿಯೋಣ. ಮೇ ತಿಂಗಳ ಗಾಳಿಗೆ ಒಂದು ರಬ್ಬರ್ ಮರ ಮುರಿದು ಬಿತ್ತು, ಫೇಸ್ ತಂತಿ ತುಂಡಾಗಿ ನೆಲಕ್ಕೆ ತಾಗಿತು. ಕೆಳಗೆ ಮುರಕಲ್ಲಿನ ಪದರ, ಮಳೆಗಾಲಕ್ಕೆ ಮುಂಚಿನ ಒಣ ನೆಲ. ನೆಲದ ಆ ಒಂದು ಸ್ಪರ್ಶಕ್ಕೆ 50 ಓಮ್ ತಡೆ ಇದ್ದರೆ ಹರಿಯುವುದು 5 ಆಂಪಿಯರ್. ಒಣ ಮುರಕಲ್ಲಿನಲ್ಲಿ 50ಕ್ಕಿಂತ ಬಹಳ ಹೆಚ್ಚೂ ಇರಬಹುದು, ಆಗ ಒಂದೋ ಎರಡೋ ಆಂಪಿಯರ್. ಒಂದು ಪಂಪು ಎಳೆಯುವಷ್ಟೂ ಇಲ್ಲ. ಟಿಸಿಯ ಫ್ಯೂಸಿಗೆ ಇದು ಲೆಕ್ಕಕ್ಕೇ ಬಾರದು. ಆ ತಂತಿ ಗಂಟೆಗಟ್ಟಲೆ, ಯಾರಾದರೂ ನೋಡಿ ಫೋನು ಮಾಡುವವರೆಗೆ, ಜೀವಂತ ಬಿದ್ದಿರುತ್ತದೆ. ಅದರ ಸುತ್ತ ನೆಲದ ಮೇಲೆ ವೋಲ್ಟೇಜು ಹರಡಿರುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರ್ ಅಂತರವಿರುವ ದನ ಅಲ್ಲಿ ಕಾಲಿಟ್ಟರೆ ಆ ವ್ಯತ್ಯಾಸವೆಲ್ಲ ಅದರ ಎದೆಯ ಮೂಲಕ ಹಾಯುತ್ತದೆ. ಗಾಳಿಮಳೆಯ ಮಾರನೆ ದಿನ ಮೇಯಲು ಬಿಟ್ಟ ದನ ತಂತಿಯ ಬಳಿ ಸಾಯುವುದು ಇದರಿಂದಲೇ, ತಂತಿ ಮುಟ್ಟದೆಯೂ.

ಕಾನೂನು ಇದನ್ನು ಎಂದೋ ಊಹಿಸಿತ್ತು. ಭಾರತೀಯ ವಿದ್ಯುತ್ ನಿಯಮಗಳು ಬಂದದ್ದು 1956ರಲ್ಲಿ, ಕನ್ನಡ ನಾಡು ಒಂದಾಗಿ ದಕ್ಷಿಣ ಕನ್ನಡ ಮದರಾಸಿನ ಕೈಯಿಂದ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಅದರ 91ನೇ ನಿಯಮದ ಪ್ರಕಾರ, ಬೀದಿ, ಸಾರ್ವಜನಿಕ ಸ್ಥಳ, ಗ್ರಾಹಕರ ಆವರಣ ಇವುಗಳ ಮೇಲೆ ಹಾಯುವ ಬರಿ ತಂತಿ ತುಂಡಾದರೆ ಅದು ಅಪಾಯಕಾರಿಯಾಗಿ ಉಳಿಯದಂತೆ ಮಾಡುವ ಸಾಧನವೊಂದು ಇರಲೇಬೇಕಿತ್ತು. ಎಷ್ಟು ದೊಡ್ಡ ಮಾತು! ರಸ್ತೆ ದಾಟುವಲ್ಲಿ ಲೈನಿನ ಕೆಳಗೆ ಕಟ್ಟುವ ಗಾರ್ಡ್ ತಂತಿಯ ಜಾಲ ಈ ಮಾತಿನಿಂದ ಹುಟ್ಟಿದ್ದು. ತುಂಡಾದ ತಂತಿ ನೆಲಕ್ಕೆ ಬೀಳುವ ಮೊದಲು ಅರ್ತಿಂಗ್ ಮಾಡಿದ ಜಾಲಕ್ಕೆ ಬಿದ್ದರೆ, ಐದು ಆಂಪಿಯರಿನ ಬದಲು ನೂರಾರು ಆಂಪಿಯರ್ ಹರಿದು, ಫ್ಯೂಸಿಗೆ ಕೊನೆಗೂ ಕಣ್ಣು ತೆರೆಯುತ್ತದೆ. ತೋಟದೊಳಗಿನ ಲೈನಿಗೆ ಇಂಥ ಜಾಲ ಎಲ್ಲಿಂದ ಬರಬೇಕು? ಅಲ್ಲಿ ನಿಯಮದ ಮಾತನ್ನು ಬರಿಯ ಫ್ಯೂಸಿನಿಂದ ನಡೆಸಿಕೊಡಲು ಆಗುವುದೇ ಇಲ್ಲ. ಇದನ್ನು ಒಪ್ಪಿಕೊಳ್ಳದೆ ಮುಂದಿನ ದಾರಿ ಹುಡುಕಲಾಗದು.

ಕೊನೆಯ ಮೆಟ್ಟಿಲು ಮನುಷ್ಯ. ಬರಿ ತಂತಿಯ 11 ಕೆವಿ ಲೈನಾದರೂ ಎಲ್‌ಟಿ ಲೈನಾದರೂ ರಸ್ತೆ ಇಲ್ಲದ ಕಡೆ ನೆಲದಿಂದ 4.6 ಮೀಟರ್ ಎತ್ತರದಲ್ಲಿದ್ದರೆ ಸಾಕೆಂದು ನಿಯಮ. ಅಂದರೆ 15 ಅಡಿ. ಅಡಿಕೆ ಕೊಯ್ಯಲು, ಬೋರ್ಡೋ ದ್ರಾವಣ ಸಿಂಪಡಿಸಲು ಈಗ ಬಳಸುವ ದೋಟಿ 60ರಿಂದ 80 ಅಡಿಯದು. ಲೈನಿಗಿಂತ ನಾಲ್ಕೈದು ಪಟ್ಟು ಉದ್ದ. ಹಿಂದೆ ಅಲ್ಯೂಮಿನಿಯಂ ದೋಟಿ ಇತ್ತು, ಈಗ ಹಗುರವಾದ ಕಾರ್ಬನ್ ಫೈಬರ್ ಬಂದಿದೆ. ಮರ ಹತ್ತುವವರು ಸಿಗದ ಕಾಲದಲ್ಲಿ ಅದು ತೋಟಗಳನ್ನು ಉಳಿಸಿದೆ. ಫೈಬರ್ ಎಂಬ ಹೆಸರು ಕೇಳಿ ಅದು ಪ್ಲಾಸ್ಟಿಕ್ಕಿನಂತೆ ಕರೆಂಟು ತಡೆಯುತ್ತದೆ ಎಂದು ಯಾರೂ ತಿಳಿಯಬಾರದು. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ. ತಂತಿಯ ಹತ್ತಿರದ ಸಾಲಿನ ಮರಗಳಿಗೆ ದೋಟಿ ಎತ್ತುವ ಮೊದಲು ಲೈನ್ ಆಫ್ ಮಾಡಿಸಿಕೊಳ್ಳುವುದೊಂದೇ ದಾರಿ.

ಮನುಷ್ಯದೇಹದ ಪ್ರತಿರೋಧ ಸುಮಾರು 1,000ದಿಂದ 2,000 ಓಮ್, ಮೈ ಒದ್ದೆಯಾದರೆ ಇನ್ನೂ ಕಡಿಮೆ. 250 ವೋಲ್ಟಿನ ಎಲ್‌ಟಿ ತಂತಿ ತಾಗಿದರೆ ಹರಿಯುವುದು ಒಂದು ಆಂಪಿಯರಿನ ಎಂಟನೆಯ ಒಂದು ಭಾಗದಿಂದ ಕಾಲು ಭಾಗ. ಹಳೆಯ 60 ವಾಟಿನ ಬಲ್ಬು ಉರಿಯುವಾಗ ಎಳೆಯುತ್ತಿದ್ದದ್ದೂ ಕಾಲು ಆಂಪಿಯರ್. ಒಂದು ಜೀವ ಹೋಗುತ್ತಿರುವುದು ಟಿಸಿಗೆ ಯಾರೋ ಜಗಲಿಯ ದೀಪ ಹಾಕಿದಂತೆ ತೋರುತ್ತದೆ. ಅದರ 133 ಆಂಪಿಯರಿನ ಲೆಕ್ಕದಲ್ಲಿ ಇದು ಐನೂರರಲ್ಲಿ ಒಂದು ಪಾಲು. ಈ ವಾಕ್ಯ ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೆ ಬರೆಯಲೇಬೇಕು: ಕಂಬದ ಮೇಲಿನ ಫ್ಯೂಸು ಎಷ್ಟೇ ಸರಿಯಾಗಿದ್ದರೂ ಅದು ಮನುಷ್ಯನನ್ನು ಉಳಿಸಲೆಂದು ಇಟ್ಟದ್ದಲ್ಲ.

ಫ್ಯೂಸಿನ ಜಾಗದಲ್ಲಿ ಫ್ಯೂಸೇ ಇಲ್ಲದಿದ್ದರೆ ಏನಾದೀತು? ಮಳೆಗಾಲದ ರಾತ್ರಿ ಫ್ಯೂಸ್ ಹೋದಾಗ, ಕೈಗೆ ಸಿಕ್ಕ ಎಳೆ ಕಟ್ಟಿ ಕರೆಂಟು ಬರಿಸುವ ಆಸೆ ಯಾರಿಗೂ ಹುಟ್ಟಬಹುದು. ವೀಸೆಲ್ ತಂತಿಯ ಒಂದು ಎಳೆ 2.59 ಮಿ.ಮೀ. ದಪ್ಪ. ಪ್ರೀಸ್ ಸೂತ್ರಕ್ಕೆ ಹಾಕಿದರೆ ಅಲ್ಯೂಮಿನಿಯಮ್ಮಿನ ಆ ಎಳೆ ಕರಗುವುದು 246 ಆಂಪಿಯರಿಗೆ. 100 ಕೆವಿಎ ಟಿಸಿಗೆ ಇದು ಹೆಚ್ಚುಕಡಿಮೆ ಇಮ್ಮಡಿ ಕರೆಂಟು, ಮೂರೂವರೆ ಪಟ್ಟು ಬಿಸಿ. 33 ಆಂಪಿಯರಿನ 25 ಕೆವಿಎ ಟಿಸಿಗೆ ಏಳು ಪಟ್ಟು ಕರೆಂಟು, 55 ಪಟ್ಟು ಬಿಸಿ. ಟಿಸಿಯೊಳಗಿನ ಕಾಗದದ ಹೊದಿಕೆಯ ಅತಿ ಬಿಸಿ ಜಾಗ 98 ಡಿಗ್ರಿಯಲ್ಲಿದ್ದರೆ ಅದು ತನ್ನ ಪೂರ್ತಿ ಆಯುಷ್ಯ ಬಾಳುತ್ತದೆ ಎಂದು ಲೆಕ್ಕ. ಅಲ್ಲಿಂದ ಮೇಲಕ್ಕೆ ಪ್ರತಿ 6 ಡಿಗ್ರಿಗೂ ಆಯುಷ್ಯ ಅರ್ಧವಾಗುತ್ತ ಹೋಗುತ್ತದೆ. 104ಕ್ಕೆ ಅರ್ಧ, 110ಕ್ಕೆ ಕಾಲು, 116ಕ್ಕೆ ಎಂಟನೆಯ ಒಂದು, 122 ಡಿಗ್ರಿಗೆ ಹದಿನಾರರ ಒಂದು ಪಾಲು. ಆ ಬಿಸಿಯಲ್ಲಿ ಓಡುವ ಒಂದೊಂದು ಗಂಟೆ ಟಿಸಿಯ ಬಾಳಿನಿಂದ ಹದಿನಾರು ಗಂಟೆ ತಿನ್ನುತ್ತದೆ. ಟಿಸಿ ಸುಟ್ಟ ಮೇಲೆ ಬದಲಿ ಬರುವವರೆಗೆ ತೋಟ ಒಣಗುವುದನ್ನು ನೋಡಿದವರಿಗೆ ಈ ಹದಿನಾರರ ಅರ್ಥ ವಿವರಿಸಬೇಕಾಗಿಲ್ಲ.

ಮನುಷ್ಯನಿಗೆಂದೇ ಇರುವ ಸಾಧನ ಬೇರೆ, ಅದು ಕಂಬದ ಮೇಲಿಲ್ಲ, ಮನೆಯ ಮೀಟರ್ ಬೋರ್ಡಿನ ಪಕ್ಕದಲ್ಲಿರಬೇಕು. ಆರ್‌ಸಿಸಿಬಿ ಎಂಬ ಆ ಪೆಟ್ಟಿಗೆ ಕರೆಂಟು ಎಷ್ಟು ಹೆಚ್ಚಿದೆ ಎಂದು ನೋಡುವುದೇ ಇಲ್ಲ. ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲ್‌ನಲ್ಲಿ ಮರಳಿದ್ದೆಷ್ಟು ಎಂದು ಹೋಲಿಸುತ್ತದೆ. ಎರಡರ ನಡುವೆ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಬೇರೆ ಯಾವುದೋ ದಾರಿಯಿಂದ, ಬಹುಶಃ ಯಾರದೋ ಮೈಯಿಂದ, ನೆಲ ಸೇರುತ್ತಿದ್ದರೆ, ಹೆಚ್ಚೆಂದರೆ 0.3 ಸೆಕೆಂಡಿನಲ್ಲಿ ಸಂಪರ್ಕ ಕಡಿಯುತ್ತದೆ. ವ್ಯತ್ಯಾಸ ಐದು ಪಟ್ಟಾದರೆ 0.04 ಸೆಕೆಂಡಿನಲ್ಲಿ. ಟಿಸಿಯ ಬುಡದ 3,000 ಆಂಪಿಯರಿಗೂ ಈ 30 ಮಿಲಿಆಂಪಿಯರಿಗೂ ನಡುವೆ ಒಂದು ಲಕ್ಷ ಪಟ್ಟಿನ ಅಂತರ. ಒಂದೇ ಒಂದು ತಂತಿಯ ತುಂಡು ಈ ಲಕ್ಷ ಪಟ್ಟನ್ನೂ ಕಾಯಲಿ ಎಂದು ಬಯಸುವುದು ಅನ್ಯಾಯ. ಮನೆಯ ಜತೆಗೆ ಪಂಪು ಶೆಡ್ಡಿಗೂ ಇಂಥದೊಂದು ಬೇಕು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಸ್ಟಾರ್ಟರ್ ಮುಟ್ಟುವ ಜಾಗ ಅದು.

ಉಳಿದದ್ದು ದೂರದ ಪ್ರಶ್ನೆ. ವಿದ್ಯುತ್ತನ್ನು ದೂರಕ್ಕೆ ಒಯ್ಯಬೇಕಾದರೆ ಹೆಚ್ಚಿನ ವೋಲ್ಟೇಜಿನಲ್ಲೇ ಒಯ್ಯಬೇಕು ಎಂಬುದನ್ನು ಸುಳ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಬಹುಕಾಲ 33 ಕೆವಿ ಲೈನನ್ನೇ ನೆಚ್ಚಿಕೊಂಡು, 110 ಕೆವಿ ಬೇಕೆಂದು ದಶಕಗಳ ಕಾಲ ಕೇಳುತ್ತ ಬಂದ ಊರದು. ಅಷ್ಟೇ ವಿದ್ಯುತ್ತು ಒಯ್ಯಲು 110 ಕೆವಿಗಿಂತ 33 ಕೆವಿ ಲೈನಿನಲ್ಲಿ 3.3 ಪಟ್ಟು ಕರೆಂಟು ಬೇಕು, ಅದೇ ತಂತಿಯಾದರೆ ದಾರಿಯಲ್ಲಿ ಸೋರುವುದು 11 ಪಟ್ಟು. ಊರಿನ ಮಟ್ಟದಲ್ಲಿ ಕೇಳಿದ ಇದೇ ನ್ಯಾಯವನ್ನು ತೋಟದ ಮಟ್ಟಕ್ಕೂ ಇಳಿಸಬೇಕು. 11 ಕೆವಿ ಲೈನನ್ನೇ ತೋಟಗಳ ಹತ್ತಿರಕ್ಕೆ ಒಯ್ದು, ಒಂದು 100 ಕೆವಿಎ ಟಿಸಿಯ ಬದಲು ನಾಲ್ಕು ಕಡೆ 25 ಕೆವಿಎಯ ಸಣ್ಣ ಟಿಸಿಗಳನ್ನಿಟ್ಟು, ಒಂದೊಂದರಿಂದ ಹೊರಡುವ ಎಲ್‌ಟಿ ಲೈನನ್ನು 200 ಮೀಟರಿಗೆ ನಿಲ್ಲಿಸಬೇಕು. ಆಗ ಕೊನೆಯ ಕಂಬದಲ್ಲಿ, ಅದೇ ವೀಸೆಲ್ ತಂತಿಯಲ್ಲಿ, ಅದೇ ಶಾರ್ಟ್ ಸರ್ಕ್ಯೂಟ್ ಆದರೆ ಹರಿಯುವುದು ಸುಮಾರು 350 ಆಂಪಿಯರ್. ಸಣ್ಣ ಟಿಸಿಯ ಪೂರ್ಣ ಲೋಡ್ 33. ತಪ್ಪಿನ ಕರೆಂಟು ಲೋಡಿನ ಹತ್ತು ಪಟ್ಟು! ಹಿಂದೆ ಅದು ಲೋಡಿಗಿಂತಲೂ ಕಡಿಮೆ ಇತ್ತು. ಅದಕ್ಕೆ ತಕ್ಕ ಫ್ಯೂಸಿಗೆ ಈಗ ಅನುಮಾನವೇ ಇರುವುದಿಲ್ಲ, ನಾಲ್ಕು ಪಂಪು ಒಟ್ಟಿಗೆ ಹೊರಟಾಗಿನ 180ಕ್ಕೂ ಈ 350ಕ್ಕೂ ವ್ಯತ್ಯಾಸ ತಿಳಿಯುವಷ್ಟು ಎಡೆ ಇರುತ್ತದೆ. ತ್ರೀ ಫೇಸ್ ಪಂಪಿಗೆ ಸಿಗುವ ವೋಲ್ಟೇಜೂ ಸುಧಾರಿಸುತ್ತದೆ.

ಖರ್ಚು ಹೆಚ್ಚು, ನಿಜ. ಟಿಸಿಗಳು ನಾಲ್ಕಾದರೆ ಎಚ್‌ಜಿ ಫ್ಯೂಸುಗಳೂ ಸಿಡಿಲು ತಡೆಯುವ ಅರೆಸ್ಟರುಗಳೂ ನಾಲ್ಕು ಜಾಗದಲ್ಲಿ ಬೇಕು, ಅರ್ತಿಂಗ್ ಗುಂಡಿಗಳಿಗೆ ಬೇಸಗೆಯಲ್ಲಿ ನೀರು ಹೊಯ್ಯುವ ಕೆಲಸವೂ ನಾಲ್ಕು ಕಡೆ. 11 ಕೆವಿ ತಂತಿ ತೋಟದೊಳಗೆ ಬಂದರೆ ದೋಟಿಯ ಅಪಾಯ ಇನ್ನೂ ಹೆಚ್ಚು, ಹಾಗಾಗಿ ಅದು ತೋಟದ ಅಂಚಿನಲ್ಲಿ, ದಾರಿಯ ಬದಿಯಲ್ಲಿ ಬರಬೇಕು. ಅಲ್ಲಿಂದ ಒಳಕ್ಕೆ ಬರಿ ತಂತಿಯ ಬದಲು ಹೊದಿಕೆಯಿರುವ ಎಬಿ ಕೇಬಲ್ ಎಳೆದರೆ, ಸೋಗೆ ಬಿದ್ದರೂ ಕೊಂಬೆ ಒರಗಿದರೂ ಹೊಡೆದುಕೊಳ್ಳಲು ಬರಿ ಲೋಹವೇ ಇರುವುದಿಲ್ಲ. ವಿದ್ಯುತ್ ಪೂರೈಸುವ ಮೆಸ್ಕಾಂ ಕಚೇರಿಯಲ್ಲಿ ಹೊಸ ಟಿಸಿಗೆ ಅರ್ಜಿ ಕೊಡುವಾಗ ನಾವು ಎಷ್ಟು ಕೆವಿಎ ಎಂದು ಕೇಳುತ್ತೇವೆ, ಅದು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತೇವೆ. ಟಿಸಿಯಿಂದ ಕೊನೆಯ ಪಂಪಿನವರೆಗೆ ಎಷ್ಟು ಮೀಟರ್, ಯಾವ ತಂತಿ, ಆ ತುದಿಯಲ್ಲಿ ಶಾರ್ಟ್ ಆದರೆ ಎಷ್ಟು ಆಂಪಿಯರ್ ಎಂಬ ಮೂರು ಸಂಖ್ಯೆಗಳನ್ನೂ ಅದೇ ಅರ್ಜಿಯಲ್ಲಿ ಬರೆದುಕೊಡಿ ಎಂದು ಕೇಳಬೇಕು. ಲೆಕ್ಕ ಹಾಕಲು ಒಂದು ಅಳತೆ ಟೇಪು, ತಂತಿಯ ಹೆಸರು, ಕಾಲು ಗಂಟೆ ಸಾಕು.